ಕುಟ್ಸ್‌ಟೌನಿನ ಜಾತ್ರೆಯಲ್ಲಿ ಡೈಚ್ ಮಾತು

(ಪೂರ್ವ ಪೆನ್ಸಿಲ್ವೇನಿಯಾದ ಕನ್ನಡ ಕೂಟವೊಂದರ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾವು ಈಗ ಕೂತಿರುವ ಸಭಾಂಗಣದಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಕುಟ್ಸ್‌ಟೌನ್ ಅನ್ನುವ ಊರು ಸಿಗುತ್ತದೆ. ಬರ್ಕ್ಸ್ ಕೌಂಟಿಯಲ್ಲಿ, ರೆಡಿಂಗ್ ಮತ್ತು ಆಲೆನ್‌ಟೌನ್ ನಡುವೆ. ಸುತ್ತ ಮೆಕ್ಕೆಜೋಳದ ಹೊಲ, ಕೆಂಪು ಬಣ್ಣ ಬಳಿದ ದೊಡ್ಡ ದೊಡ್ಡ ಕಣಜದ ಕೊಟ್ಟಿಗೆಗಳು, ಮಧ್ಯೆ ಒಂದು ಉದ್ದನೆಯ ಪೇಟೆಬೀದಿ, ಒಂದು ವಿಶ್ವವಿದ್ಯಾಲಯ, ಒಂದು ಜಾತ್ರೆ ಮೈದಾನ. ಪ್ರತಿವರ್ಷ ಜುಲೈ 4ರ ಆಸುಪಾಸಿನಲ್ಲಿ ಆ ಮೈದಾನದಲ್ಲಿ ಪೆನ್ಸಿಲ್ವೇನಿಯಾ ಡಚ್ ಜನರ ಜಾನಪದ ಉತ್ಸವ ನಡೆಯುತ್ತದೆ. ನಾನು ಆರು ವರ್ಷಗಳಿಂದ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗುತ್ತಿದ್ದೇನೆ. ಊರಿಂದ ಅಮ್ಮ ಬಂದಿದ್ದ ವರ್ಷ ಅವರನ್ನೂ ಕರೆದುಕೊಂಡು ಹೋಗಿದ್ದೆ.

ರಾಜ್ಯೋತ್ಸವದ ದಿನ ಜರ್ಮನರ ಜಾತ್ರೆಯ ಮಾತು ಯಾಕೆ ಎಂದು ನಿಮಗೆ ಅನ್ನಿಸಿರಬಹುದು. ತೌರು ಬಿಟ್ಟು ಬಂದ ಒಂದು ನುಡಿ ಮುನ್ನೂರು ವರ್ಷಗಳಲ್ಲಿ ಎಲ್ಲಿ ಉಳಿಯುತ್ತದೆ, ಎಲ್ಲಿ ಕರಗಿಹೋಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ. ಅದನ್ನು ನಿಮ್ಮ ಮುಂದೆ ಇಡದೆ ನನಗೆ ಸಮಾಧಾನವಿಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ‘ಪೆನ್ಸಿಲ್ವೇನಿಯಾ ಡಚ್’ ಅಂದರೆ ಹಾಲೆಂಡಿನವರಲ್ಲ. ಹಿಂದೆ ಇಂಗ್ಲಿಷಿನಲ್ಲಿ ರೈನ್ ನದಿಯ ಆಚೀಚಿನ ಜರ್ಮನ್ ನುಡಿಯ ಜನರನ್ನೆಲ್ಲ ‘ಡಚ್’ ಎಂದೇ ಕರೆಯುತ್ತಿದ್ದರು. ಆ ಹಳೆಯ ಹೆಸರು ಇವರಿಗೆ ಅಂಟಿಕೊಂಡಿತು. ತಮ್ಮ ಮಾತನ್ನು ಅವರು ಕರೆಯುವುದು ‘ಡೈಚ್’ ಎಂದು. ಇವತ್ತು ಬರ್ಲಿನ್ನಿನಲ್ಲಿ ಕೇಳುವ ಜರ್ಮನ್ ಅದಲ್ಲ, ನೈಋತ್ಯ ಜರ್ಮನಿಯ ಫಾಲ್ಟ್ಸ್ ಸೀಮೆಯ ರೈತರ ಆಡುಮಾತಿಗೆ ಹತ್ತಿರದ್ದು.

ಇವರು ಬಂದ ಕತೆ 1683ರಿಂದ ಶುರುವಾಗುತ್ತದೆ. ಆ ವರ್ಷ ಅಕ್ಟೋಬರ್ 6ರಂದು ಜರ್ಮನಿಯ ಕ್ರೆಫೆಲ್ಡ್ ಊರಿನ 13 ಕುಟುಂಬಗಳು ‘ಕಾಂಕರ್ಡ್’ ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ ಬಂದಿಳಿದವು. ಅವರ ಜೊತೆ ಸೇರಿ ಫ್ರಾನ್ಸಿಸ್ ಡೇನಿಯಲ್ ಪಸ್ಟೋರಿಯಸ್ ಜರ್ಮನ್‌ಟೌನ್ ಎಂಬ ಊರು ಕಟ್ಟಿದ. ಐದೇ ವರ್ಷಕ್ಕೆ, 1688ರಲ್ಲಿ, ಅದೇ ಜರ್ಮನ್‌ಟೌನಿನ ನಾಲ್ವರು ಗುಲಾಮಗಿರಿಯ ವಿರುದ್ಧ ಮನವಿ ಬರೆದು ಸಹಿ ಹಾಕಿದರು. ಈ ದೇಶದಲ್ಲಿ ಅಂಥ ಮೊದಲ ಬರಹಗಳಲ್ಲಿ ಅದೊಂದು. ಆಮೇಲೆ ಬಂದದ್ದು ಪ್ರವಾಹ. ರೈನ್ ಸೀಮೆಯಲ್ಲಿ ಯುದ್ಧದ ಮೇಲೆ ಯುದ್ಧ, 1709ರ ಚಳಿಗಾಲದಲ್ಲಿ ದ್ರಾಕ್ಷಿ ತೋಟಗಳೇ ಸತ್ತವು. ಫಾಲ್ಟ್ಸ್, ಬಾಡೆನ್, ವುರ್ಟೆಂಬರ್ಗ್, ಅಲ್ಸಾಸ್, ಸ್ವಿಟ್ಜರ್ಲೆಂಡ್‌ಗಳಿಂದ ಜನ ಹಡಗು ಹತ್ತಿದರು. ಹಡಗಿನ ಖರ್ಚಿಗೆ ದುಡ್ಡಿಲ್ಲದವರು ಇಲ್ಲಿಗೆ ಬಂದ ಮೇಲೆ ವರ್ಷಗಟ್ಟಲೆ ಜೀತ ಮಾಡಿ ಆ ಸಾಲ ತೀರಿಸಬೇಕಿತ್ತು. ಅಪ್ಪ ಒಂದು ಮನೆಗೆ, ಮಕ್ಕಳು ಇನ್ನೊಂದು ಮನೆಗೆ ಹಂಚಿಹೋದ ಸಂಸಾರಗಳು ಎಷ್ಟೋ.

ಇಷ್ಟು ಜನ ಬಂದದ್ದು ಇಂಗ್ಲಿಷರಿಗೆ ದಿಗಿಲು ಹುಟ್ಟಿಸಿತು. ಬೆಂಜಮಿನ್ ಫ್ರಾಂಕ್ಲಿನ್ 1732ರಲ್ಲಿ ತಾನೇ ಒಂದು ಜರ್ಮನ್ ಪತ್ರಿಕೆ ಅಚ್ಚು ಹಾಕಿದ್ದವನು. ಅದೇ ಫ್ರಾಂಕ್ಲಿನ್ 1751ರಲ್ಲಿ, ನಾವು ಅವರನ್ನು ಇಂಗ್ಲಿಷರನ್ನಾಗಿ ಮಾಡುವ ಬದಲು ಅವರೇ ನಮ್ಮನ್ನು ಜರ್ಮನರನ್ನಾಗಿ ಮಾಡಿಬಿಡುತ್ತಾರೆ ಎಂದು ಕಳವಳಪಟ್ಟು ಬರೆದ. ವಲಸೆ ಬಂದವರ ಬಗ್ಗೆ ಇವತ್ತು ಕೇಳಿಬರುವ ಮಾತೇ ಅದು. ಆದರೆ 1776ರ ಜುಲೈ 5ರಂದು, ಸ್ವಾತಂತ್ರ್ಯ ಘೋಷಣೆಯಾಗಿದೆ ಎಂಬ ಸುದ್ದಿಯನ್ನು ಮೊಟ್ಟಮೊದಲು ಅಚ್ಚು ಹಾಕಿದ ಪತ್ರಿಕೆ ಇಂಗ್ಲಿಷಿನದಲ್ಲ, ಫಿಲಡೆಲ್ಫಿಯಾದ ಒಂದು ಜರ್ಮನ್ ಪತ್ರಿಕೆ.

ಇಲ್ಲೊಂದು ಮಾತು ಹೇಳಲೇಬೇಕು. 1743ರಲ್ಲಿ ಜರ್ಮನ್‌ಟೌನಿನಲ್ಲಿ ಕ್ರಿಸ್ಟೋಫ್ ಸಾವರ್ ಎಂಬಾತ ಜರ್ಮನ್ ಬೈಬಲ್ಲನ್ನು ಅಚ್ಚು ಹಾಕಿದ. ಸರಿಯಾಗಿ ನೂರು ವರ್ಷಕ್ಕೆ, 1843ರ ಜುಲೈ 1ರಂದು, ಇತ್ತ ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಅದನ್ನು ತಂದ ಹರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗ್ ಸೀಮೆಯವನು. ಪೆನ್ಸಿಲ್ವೇನಿಯಾಕ್ಕೆ ಹಿಂಡು ಹಿಂಡಾಗಿ ಜನ ಹೊರಟುಬಂದ ನಾಡುಗಳಲ್ಲಿ ಅದೂ ಒಂದು. ಒಂದೇ ಮಣ್ಣಿನ ಮಕ್ಕಳು. ಪಶ್ಚಿಮಕ್ಕೆ ಹೊರಟವರು ತಮ್ಮ ಮಾತನ್ನು ಗಂಟು ಕಟ್ಟಿಕೊಂಡು ಬಂದು ಇಲ್ಲಿನ ಹೊಲದಲ್ಲಿ ಬಿಚ್ಚಿದರು. ಪೂರ್ವಕ್ಕೆ ಹೊರಟವನು ಮಂಗಳೂರಿನಲ್ಲಿ ನಮ್ಮ ಮಾತನ್ನು ಕಲಿತು, ಕಲ್ಲಚ್ಚಿನಲ್ಲಿ ಕನ್ನಡ ಅಕ್ಷರ ಮೂಡಿಸಿದ. ಕುಟ್ಸ್‌ಟೌನಿನ ಮೈದಾನದಲ್ಲಿ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅವರ ನೆಂಟಸ್ತಿಕೆ ನಮಗೆ ಇದೆ.

ಈಗ ಜಾತ್ರೆಗೆ ಬರುತ್ತೇನೆ.

ಇದು ಶುರುವಾದದ್ದು 1950ರ ಜುಲೈನಲ್ಲಿ. ಶುರು ಮಾಡಿದವರು ಮೂವರು ವಿದ್ವಾಂಸರು: ಆಲ್ಫ್ರೆಡ್ ಶೂಮೇಕರ್, ಡಾನ್ ಯೋಡರ್, ಜೆ. ವಿಲಿಯಂ ಫ್ರೇ. ಲ್ಯಾಂಕಾಸ್ಟರಿನ ಫ್ರಾಂಕ್ಲಿನ್ ಅಂಡ್ ಮಾರ್ಷಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರು ಹಿಂದಿನ ವರ್ಷ, 1949ರಲ್ಲಿ, ಒಂದು ಜಾನಪದ ಕೇಂದ್ರ ಕಟ್ಟಿ ಪತ್ರಿಕೆಯನ್ನೂ ಹೊರಡಿಸಿದ್ದರು. ಆಗ ‘ಜಾನಪದ’ ಅಂದರೆ ಹಾಡು, ಕತೆ, ಗಾದೆ ಎಂದಷ್ಟೇ ಲೆಕ್ಕ. ಸ್ವೀಡನ್ನಿನವರು ಮಾತ್ರ ಬೇರೆ ದಾರಿ ಹಿಡಿದಿದ್ದರು. ಜನ ಹೇಗೆ ಉಳುತ್ತಾರೆ, ಏನು ಉಣ್ಣುತ್ತಾರೆ, ಕೊಟ್ಟಿಗೆ ಹೇಗೆ ಕಟ್ಟುತ್ತಾರೆ, ಕೌದಿ ಹೇಗೆ ಹೊಲಿಯುತ್ತಾರೆ, ಎಲ್ಲವೂ ಓದಬೇಕಾದ ವಿಷಯವೇ ಎಂದು ಅವರ ನಿಲುವು. ಅದನ್ನು ಈ ಮೂವರು ಪೆನ್ಸಿಲ್ವೇನಿಯಾಕ್ಕೆ ತಂದರು. ಬಯಲಿನಲ್ಲಿ ಗುಡಾರ ಹಾಕಿ, ರೈತರನ್ನೂ ಅವರ ಹೆಂಗಸರನ್ನೂ ಕರೆಸಿ, ನೀವು ಮನೆಯಲ್ಲಿ ಮಾಡುವುದನ್ನೇ ಇಲ್ಲಿ ಮಾಡಿ ಎಂದರು. ವೇದಿಕೆಯ ಮೇಲೆ ಕುಣಿಯುವವರಿಗಿಂತ ಬುಟ್ಟಿ ಹೆಣೆಯುವ ಅಜ್ಜ ಅವರಿಗೆ ಮುಖ್ಯನಾದ. ಇದಕ್ಕಾಗಿಯೇ ನನಗೆ ಈ ಜಾತ್ರೆಯ ಮೇಲೆ ಗೌರವ. ಜರ್ಮನ್ ಹಬ್ಬ ಅಂದರೆ ಬಿಯರ್ ಮತ್ತು ಬ್ಯಾಂಡು ಎಂದು ಜಗತ್ತು ತಿಳಿದಿದೆ. ಇಲ್ಲಿ ಹಾಗಲ್ಲ. ಮೊಮ್ಮಗುವಿನ ಕೈ ಹಿಡಿದ ಅಜ್ಜಿಯಂದಿರು ಬೆಳಗಿನಿಂದ ಸಂಜೆತನಕ ಗುಡಾರದಿಂದ ಗುಡಾರಕ್ಕೆ ನಿಧಾನವಾಗಿ ನಡೆಯುತ್ತಾರೆ.

ನನ್ನ ಅಮ್ಮ ಹೆಚ್ಚು ಹೊತ್ತು ನಿಂತದ್ದು ಕೌದಿಯ ಮನೆಯಲ್ಲಿ. ಇಂಗ್ಲಿಷಿನವರು ‘ಕ್ವಿಲ್ಟ್’ ಎನ್ನುವುದನ್ನು ಅಮ್ಮ ಕಂಡ ಕೂಡಲೇ ಕೌದಿ ಎಂದರು, ಅಲ್ಲಿಂದ ನಮ್ಮ ಮನೆಯಲ್ಲಿ ಅದೇ ಹೆಸರು. ದೊಡ್ಡ ಕಟ್ಟಡದ ತುಂಬ ಕೈಯಲ್ಲಿ ಹೊಲಿದ ನೂರಾರು ಕೌದಿಗಳು ಸೂರಿನಿಂದ ಇಳಿಬಿದ್ದಿರುತ್ತವೆ. ಬಹುಮಾನ ಬಂದವು ಕೊನೆಗೆ ಹರಾಜಾಗುತ್ತವೆ. ಅಮ್ಮ ಧಾರವಾಡದ ಕಡೆಯವರು, ಹಳೆಯ ಇಳಕಲ್ ಸೀರೆಯ ತುಂಡು ಸೇರಿಸಿ ಕೌದಿ ಹೊಲಿದ ಕೈ. ಅವರು ಬಣ್ಣ ನೋಡಲಿಲ್ಲ. ಅಂಚನ್ನು ಎತ್ತಿ ಹಿಂಬದಿ ನೋಡಿದರು. ಹೊಲಿಗೆ ಹಿಂದೆಯೂ ಮುಂದಿನಷ್ಟೇ ಸಮನಾಗಿ ಬಿದ್ದಿತ್ತು, ಒಂದಿಂಚಿಗೆ ಒಂಬತ್ತೋ ಹತ್ತೋ. ಪಕ್ಕದಲ್ಲಿ ಮರದ ಚೌಕಟ್ಟಿಗೆ ಬಿಗಿದ ಕೌದಿಯ ಸುತ್ತ ನಾಲ್ವರು ಹೆಂಗಸರು ಕೂತು ಹೊಲಿಯುತ್ತಿದ್ದರು. ಅವರಲ್ಲಿ ಒಬ್ಬರು ಅಮ್ಮನನ್ನು ಗಮನಿಸಿ ಸೂಜಿ ಮುಂದೆ ಚಾಚಿದರು. ಅಮ್ಮ ಕೂತು ಒಂದು ಗೇಣು ಹೊಲಿದರು. ಎಡಗೈಯ ಬೆರಳು ಬಟ್ಟೆಯ ಕೆಳಗೆ ಸೂಜಿಯ ಮೊನೆಯನ್ನು ಮುಟ್ಟಿ ಹಿಂದಕ್ಕೆ ಕಳಿಸುತ್ತದೆ, ಬಲಗೈ ಮೇಲಿಂದ ಮೂರು ನಾಲ್ಕು ಹೊಲಿಗೆಯನ್ನು ಒಮ್ಮೆಗೇ ಸೂಜಿಗೆ ತುಂಬಿಕೊಳ್ಳುತ್ತದೆ. ಇಬ್ಬರ ಕೈಯೂ ಅದನ್ನೇ ಮಾಡುತ್ತಿತ್ತು. ಅರ್ಧ ಗಂಟೆ ಅವರಿಬ್ಬರೂ ಒಂದು ಮಾತೂ ಆಡಲಿಲ್ಲ, ಆಡುವ ಅಗತ್ಯ ಬೀಳಲಿಲ್ಲ.

ತಿಂಡಿಯ ಬಗ್ಗೆ ಹೇಳದಿದ್ದರೆ ಮಕ್ಕಳು ನನ್ನನ್ನು ಬಿಡುವುದಿಲ್ಲ. ಲಾಳಿಕೆಯಲ್ಲಿ ಹಿಟ್ಟು ಹುಯ್ದು ಕಾದ ಎಣ್ಣೆಯಲ್ಲಿ ಸುರುಳಿ ಬಿಡಿಸಿ, ಮೇಲೆ ಸಕ್ಕರೆಪುಡಿ ಉದುರಿಸಿ ಕೊಡುವ ‘ಫನಲ್ ಕೇಕ್’ ಈಗ ಅಮೆರಿಕದ ಪ್ರತಿ ಜಾತ್ರೆಯಲ್ಲೂ ಸಿಗುತ್ತದೆ. ಬರ್ಕ್ಸ್ ಸೀಮೆಯ ಅಡುಗೆಮನೆಯಿಂದ ಅದನ್ನು ಬೀದಿಗೆ ತಂದದ್ದರಲ್ಲಿ ಕುಟ್ಸ್‌ಟೌನಿನ ಪಾಲು ದೊಡ್ಡದು. ಕಾಕಂಬಿಯ ಹೂರಣ ಹಾಕಿದ ‘ಶೂಫ್ಲೈ ಪೈ’, ಒಣಗಿಸಿದ ಸೇಬಿನ ಹೋಳು ಮತ್ತು ಕಡುಬು ಬೇಯಿಸಿದ ‘ಶ್ನಿಟ್ಸ್ ಉನ್ ಗ್ನೆಪ್’, ತರಕಾರಿಯ ಸಿಹಿಹುಳಿ ಉಪ್ಪಿನಕಾಯಿ ‘ಚೌಚೌ’. ಶ್ನಿಟ್ಸಿಗೆ ಹಂದಿಮಾಂಸ ಹಾಕುತ್ತಾರೆ, ಮಾಂಸ ತಿನ್ನದವರು ಕೇಳಿ ತಿನ್ನಿ. ಕೊಟ್ಟಿಗೆಯ ಗೋಡೆಗೆ ಬರೆಯುವ ನಕ್ಷತ್ರದ ಚಿತ್ತಾರವೂ ಅಲ್ಲಿ ಉಂಟು. ಕೈವಾರದಲ್ಲಿ ಸುತ್ತು ಎಳೆದು ಆರೆಸಳು, ಎಂಟೆಸಳು ಬಿಡಿಸುತ್ತಾರೆ. ಮಾಟ ತಡೆಯಲು ಅದನ್ನು ಬರೆಯುತ್ತಾರೆಂದು ಹೊರಗಿನವರು ಹಬ್ಬಿಸಿ ‘ಹೆಕ್ಸ್’, ಅಂದರೆ ಮಾಟಗಾತಿ, ಎಂಬ ಹೆಸರಿಟ್ಟರು. ರೈತರು ಅದನ್ನು ಕರೆಯುತ್ತಿದ್ದದ್ದು ಬರೀ ‘ನಕ್ಷತ್ರ’ ಎಂದು, ‘ಹೂವು’ ಎಂದು.

ಮಕ್ಕಳಿಗೆ ಹೇಳಲು ಕಷ್ಟವಾದ ಒಂದು ಸಂಗತಿಯೂ ಈ ಜಾತ್ರೆಯಲ್ಲಿದೆ. 1809ರ ಜೂನ್ 10ರಂದು ರೆಡಿಂಗಿನಲ್ಲಿ ಸುಸಾನಾ ಕಾಕ್ಸ್ ಎಂಬ ಮನೆಗೆಲಸದ ಹುಡುಗಿಯನ್ನು ಗಲ್ಲಿಗೇರಿಸಿದರು. ಮದುವೆಯಾಗದೆ ಹೆತ್ತ ಕೂಸನ್ನು ಕೊಂದಳೆಂದು ಆರೋಪ. ನೋಡಲು ಸಾವಿರಾರು ಜನ ನೆರೆದಿದ್ದರು. ಅವಳ ಮೇಲೆ ಜರ್ಮನಿನಲ್ಲಿ ಒಂದು ಶೋಕದ ಲಾವಣಿ ಅಚ್ಚಾಯಿತು, ಮತ್ತೆ ಮತ್ತೆ ಅಚ್ಚಾಯಿತು, ಆಮೇಲೆ ಇಂಗ್ಲಿಷಿಗೂ ಹೋಯಿತು. ಕುಟ್ಸ್‌ಟೌನಿನ ಜಾತ್ರೆ ದಶಕಗಳಿಂದ ಆ ಕತೆ ಹೇಳಿ ಗೊಂಬೆಯೊಂದನ್ನು ಗಲ್ಲಿಗೇರಿಸುವ ಪ್ರದರ್ಶನ ನಡೆಸಿಕೊಂಡು ಬಂದಿದೆ. ಸಂಸಾರಸಮೇತ ಬರುವ ಜಾತ್ರೆಯಲ್ಲಿ ಇದು ಬೇಕೇ ಎಂದು ಮೊದಲ ಸಲ ನನಗೂ ಅನ್ನಿಸಿತ್ತು. ಮಗಳ ಕಣ್ಣು ಮುಚ್ಚಲು ಕೈ ಎತ್ತಿದ್ದೆ. ಈಗ ಬೇಕು ಅನ್ನಿಸುತ್ತದೆ. ಒಂದು ಜನಾಂಗ ತನ್ನ ಹಬ್ಬದಲ್ಲಿ ಕೌದಿ, ಕಜ್ಜಾಯಗಳ ಜೊತೆ ತನ್ನವರೇ ಮಾಡಿದ ಕ್ರೌರ್ಯವನ್ನೂ ಇಟ್ಟುಕೊಂಡಿದೆ. ಹೆಸರಿಲ್ಲದೆ ಹೋಗಬಹುದಾಗಿದ್ದ ಒಬ್ಬ ಆಳುಹುಡುಗಿಯ ಹೆಸರನ್ನು ಇನ್ನೂರು ವರ್ಷ ಕೂಗಿ ಹೇಳಿದೆ. ಆವತ್ತು ಮಗಳು ಕಾರಿನಲ್ಲಿ ಕೇಳಿದ್ದು ಒಂದೇ: ಆ ಮಗುವಿನ ಅಪ್ಪನಿಗೆ ಏನಾಯಿತು? ನಾವು ಆ ಮಾತು ಮುಂದುವರಿಸಿಕೊಂಡೇ ಮನೆ ಸೇರಿದೆವು.

ಇನ್ನು ನಾನು ಹೇಳಬೇಕೆಂದು ಬಂದ ವಿಷಯ.

ಮೈದಾನದ ಒಂದು ಮೂಲೆಯಲ್ಲಿ ಸೇಬಿನ ‘ಲಟ್ವಾರಿಕ್’ ಕಾಯಿಸುತ್ತಾರೆ. ಇಂಗ್ಲಿಷಿನಲ್ಲಿ ಆಪಲ್ ಬಟರ್ ಎನ್ನುತ್ತಾರೆ, ಬೆಣ್ಣೆ ಅದರಲ್ಲಿ ಒಂದು ಚೂರೂ ಇಲ್ಲ. ದೊಡ್ಡ ತಾಮ್ರದ ಕೊಪ್ಪರಿಗೆ, ಕೆಳಗೆ ಸೌದೆಯ ಬೆಂಕಿ. ಸೇಬಿನ ರಸ ಕುದ್ದು ಇಳಿದ ಮೇಲೆ ಹೋಳು ಹಾಕುತ್ತಾರೆ, ಮತ್ತೆ ಇಡೀ ದಿನ ಕೈಬಿಡದೆ ತಿರುವಬೇಕು. ಹೊಗೆ ತಾಗದಂತೆ ದೂರ ನಿಂತು ತಿರುವಲು ಎಂಟು ಹತ್ತು ಅಡಿ ಉದ್ದದ ಹಿಡಿ, ಅದರ ತುದಿಗೆ ಅಡ್ಡಲಾಗಿ ತೂತು ಕೊರೆದ ಹಲಗೆ. ಕೊನೆಗೆ ದಾಲ್ಚಿನ್ನಿ, ಲವಂಗ. ಸಂಜೆ ಹೊತ್ತಿಗೆ ಪಾಕ ಆಲೆಮನೆಯ ಬೆಲ್ಲದ ಬಣ್ಣಕ್ಕೆ ತಿರುಗಿ, ಗುಳ್ಳೆಯೊಡೆದು ಲೊಟಲೊಟ ಸದ್ದು ಮಾಡುತ್ತದೆ. ಅಲ್ಲಿದ್ದ ಅಜ್ಜಿಯೊಬ್ಬರು ನನ್ನ ಮಗಳ ಕೈಗೆ ಹಿಡಿ ಕೊಟ್ಟು ತಿರುವುವ ಲೆಕ್ಕ ಕಲಿಸಿದರು: ಎರಡು ಸುತ್ತು ಅಂಚಿನಲ್ಲಿ, ಒಂದು ಸಲ ನಟ್ಟನಡುವೆ. ಹಾಗೆ ತಿರುವಿದರೆ ತಳ ಹಿಡಿಯುವುದಿಲ್ಲ. ಅದಕ್ಕೊಂದು ಪ್ರಾಸದ ಪದ್ಯವೂ ಇದೆ. ಅಜ್ಜಿ ಅದನ್ನು ಹೇಳಿದ್ದು ಇಂಗ್ಲಿಷಿನಲ್ಲಿ. ಕೊಪ್ಪರಿಗೆ ಅಜ್ಜಿಯ ಅಜ್ಜಿಯದು, ಕೈಚಳಕ ಅವರದೇ, ಲಟ್ವಾರಿಕ್ ಎಂಬ ಹೆಸರೂ ಉಳಿದಿದೆ. ಅದರ ಸುತ್ತಲಿನ ಮಾತು, ‘ಬೇಗ ತಿರುವು’, ‘ಬೆಂಕಿ ತಗ್ಗಿಸು’, ‘ಸಾಕು, ಇಳಿಸು’ ಎನ್ನುವ ಮಾತುಗಳೆಲ್ಲ ಇಂಗ್ಲಿಷಾಗಿವೆ.

ಪಕ್ಕದ ಗುಡಾರದಲ್ಲಿ ಡೈಚ್ ಮಾತಿನ ಕಾರ್ಯಕ್ರಮ ನಡೆಯುತ್ತಿತ್ತು. ಒಬ್ಬರು ಹಾಸ್ಯದ ಕತೆ ಹೇಳುತ್ತಿದ್ದರು, ಇಪ್ಪತ್ತು ಇಪ್ಪತ್ತೈದು ಜನ ಕೇಳುತ್ತಿದ್ದರು, ಎಲ್ಲ ನರೆಗೂದಲು. ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಫನಲ್ ಕೇಕಿನ ಸಾಲು ಮಾತ್ರ ಮೈದಾನದ ಅರ್ಧಕ್ಕೆ ಬಂದಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಎಂಬತ್ತು ದಾಟಿದ ರೈತರೊಬ್ಬರು ತಮ್ಮ ಕತೆ ಹೇಳಿದರು. ಐದು ವರ್ಷದವರೆಗೆ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಂತೆ. ಶಾಲೆಯಲ್ಲಿ ಡೈಚ್ ಆಡಿದ್ದಕ್ಕೆ ಬೆತ್ತದ ಏಟು, ಅದಕ್ಕಿಂತ ಹೆಚ್ಚು ನೋವಾದದ್ದು ಪೇಟೆಯ ಹುಡುಗರು ತಮ್ಮ ಉಚ್ಚಾರ ಅಣಕಿಸಿದ್ದು. ನನ್ನ ಮಕ್ಕಳಿಗೆ ಈ ಪಾಡು ಬೇಡವೆಂದು ಅವರು ಮತ್ತು ಅವರ ಹೆಂಡತಿ ಮನೆಯಲ್ಲಿ ಇಂಗ್ಲಿಷಿಗೆ ತಿರುಗಿದರು. ತಮ್ಮಿಬ್ಬರ ನಡುವೆ ಡೈಚ್, ಮಕ್ಕಳ ಜೊತೆ ಇಂಗ್ಲಿಷ್. ಈಗ ಹೆಂಡತಿ ಇಲ್ಲ. ಮನೆಯಲ್ಲಿ ಅವರು ಡೈಚ್ ಆಡುವುದು ನಾಯಿಯ ಜೊತೆ.

ಈ ಜನ ಸುಮ್ಮನೆ ಕೂತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಅಂದರೆ ಶತ್ರು ಎನ್ನುವಂತಾಗಿ, ಹುಳಿ ಎಲೆಕೋಸಿಗೂ ಹೆಸರು ಬದಲಿಸಿದ ಕಾಲ ಕಂಡವರು ಅವರು. 1934ರ ಫೆಬ್ರವರಿ 2ರಂದು ಆಲೆನ್‌ಟೌನಿನಲ್ಲಿ ‘ಗ್ರುಂಡ್‌ಸೌ ಲಾಡ್ಜ್’ ಎಂಬ ಕೂಟದ ಮೊದಲ ಸಭೆ ಸೇರಿಸಿದರು. ಗ್ರುಂಡ್‌ಸೌ ಅಂದರೆ ಚಳಿಗಾಲ ಇನ್ನೆಷ್ಟು ದಿನ ಎಂದು ಹೇಳುತ್ತದೆಂದು ನಂಬುವ ಆ ಬಿಲದ ಪ್ರಾಣಿ, ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ಗ್ರೌಂಡ್‌ಹಾಗ್. ಊಟ, ಹಾಡು, ಪ್ರಹಸನ ಎಲ್ಲ ಡೈಚಿನಲ್ಲಿ. ಯಾರ ಬಾಯಿಂದಾದರೂ ಇಂಗ್ಲಿಷ್ ಬಂದರೆ ದಂಡ ಕಟ್ಟಬೇಕು. ಊರೂರಿಗೆ ಇಂಥ ಕೂಟಗಳಾದವು, ಇವತ್ತಿಗೂ ಕೆಲವು ನಡೆಯುತ್ತವೆ. 1997ರಿಂದ ‘ಹಿವ್ವೆ ವೀ ಡ್ರಿವ್ವೆ’ ಎಂಬ ಡೈಚ್ ಪತ್ರಿಕೆಯೂ ಬರುತ್ತಿದೆ. ‘ಇಲ್ಲಿಯೂ ಅಲ್ಲಿಯಂತೆಯೇ’ ಎಂದು ಆ ಹೆಸರಿನ ಅರ್ಥ. ಕುಟ್ಸ್‌ಟೌನ್ ವಿಶ್ವವಿದ್ಯಾಲಯ ಒಂದು ಕೋಣೆಯ ಹಳೆಯ ಶಾಲೆ, ಮರದ ದಿಮ್ಮಿಯ ಮನೆಗಳನ್ನು ಉಳಿಸಿಕೊಂಡು ಪರಂಪರೆಯ ಕೇಂದ್ರ ನಡೆಸುತ್ತಿದೆ. ಹಬ್ಬ, ಕೂಟ, ಪತ್ರಿಕೆ, ವಿಶ್ವವಿದ್ಯಾಲಯ: ಒಂದು ನುಡಿಗೆ ಬೇಕೆಂದು ನಾವು ಕೇಳುವುದೆಲ್ಲ ಅವರಿಗಿದೆ. ಆದರೂ ಲೂಥರನ್ ಮತ್ತು ರಿಫಾರ್ಮ್ಡ್ ಚರ್ಚುಗಳ ಈ ಜನರ ಮನೆಗಳಲ್ಲಿ ಡೈಚ್ ಆಡುವ ಮಕ್ಕಳು ಇಲ್ಲ ಎನ್ನುವಷ್ಟು ಕಡಿಮೆ.

ಹಾಗಾದರೆ ಡೈಚ್ ಸತ್ತಿತೇ? ಇಲ್ಲ. ಬೆಳೆಯುತ್ತಿದೆ. ಬೆಳೆಯುತ್ತಿರುವುದು ಜಾತ್ರೆ ಕಟ್ಟದವರ ಮನೆಯಲ್ಲಿ. ಆಮಿಶ್ ಮತ್ತು ಹಳೆ ಸಂಪ್ರದಾಯದ ಮೆನೊನೈಟ್ ಎಂಬ ಕ್ರೈಸ್ತ ಪಂಥಗಳ ಜನ ಅದೇ ರೈನ್ ಸೀಮೆಯಿಂದ ಬಂದವರು. ಕುದುರೆಗಾಡಿಯಲ್ಲಿ ಓಡಾಡುತ್ತಾರೆ, ಸಾದಾ ಉಡುಪು ತೊಡುತ್ತಾರೆ, ತಮ್ಮ ಪರಂಪರೆಯನ್ನು ಪ್ರದರ್ಶನಕ್ಕಿಡುವ ಯೋಚನೆಯೇ ಅವರಿಗಿಲ್ಲ. ಉತ್ತರ ಅಮೆರಿಕದಲ್ಲಿ ಇವತ್ತು ಆಮಿಶರೇ 4 ಲಕ್ಷದಷ್ಟಿದ್ದಾರೆ, ಸುಮಾರು 20 ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಿದ್ದಾರೆ. ಪ್ರಾರ್ಥನೆಗೆ ಗ್ರಂಥದ ಜರ್ಮನ್, ಶಾಲೆಗೆ ಮತ್ತು ಹೊರಗಿನವರ ಜೊತೆ ವ್ಯವಹಾರಕ್ಕೆ ಇಂಗ್ಲಿಷ್, ಮನೆಯಲ್ಲಿ, ಹೊಲದಲ್ಲಿ, ಕೊಟ್ಟಿಗೆಯಲ್ಲಿ ಡೈಚ್. ಭಾಷೆ ಉಳಿಸಬೇಕೆಂದು ಅವರು ಭಾಷಣ ಮಾಡುವುದಿಲ್ಲ. ಹಾಲು ಕರೆಯುವಾಗ, ಮಗುವಿಗೆ ಗದರುವಾಗ, ಅಕ್ಕನ ಜೊತೆ ಜಗಳವಾಡುವಾಗ ಬೇರೆ ಮಾತು ಅವರ ಬಾಯಿಗೆ ಬರುವುದಿಲ್ಲ, ಅಷ್ಟೇ.

ಆಮಿಶರಂತೆ ಲೋಕದಿಂದ ದೂರ ಇರಿ ಎಂದು ನಾನು ನಿಮಗೆ ಹೇಳುತ್ತಿಲ್ಲ. ಎಂಟನೆಯ ತರಗತಿಗೆ ಓದು ನಿಲ್ಲಿಸುವ ಅವರ ದಾರಿ ನನ್ನದಲ್ಲ, ನನ್ನ ಮಗಳಿಗೆ ಅದು ಬೇಡ. ನಾವು ಕುಟ್ಸ್‌ಟೌನಿನ ಆ ರೈತರ ಹಾಗೆ ಇರುವವರು, ಹಬ್ಬ ಮಾಡುವವರು. ಹಬ್ಬವನ್ನು ನಾನು ಬಿಡಿ ಎನ್ನುವುದಿಲ್ಲ. ಆ ಜಾತ್ರೆ ಇಲ್ಲದಿದ್ದರೆ ಕೌದಿಯೂ ಕೊಪ್ಪರಿಗೆಯೂ ಸುಸಾನಾಳ ಹೆಸರೂ ಹೀಗೆ ಉಳಿಯುತ್ತಿರಲಿಲ್ಲ. ಆದರೆ ಕೊಪ್ಪರಿಗೆ ತಿರುವುವ ಮಾತು ಯಾವ ಭಾಷೆಯಲ್ಲಿದೆ ಎಂದು ನೋಡಿ. ನಮ್ಮ ಯುಗಾದಿ ಊಟದ ದಿನ ಒಳಗೆ ವೇದಿಕೆಯಲ್ಲಿ ಮಕ್ಕಳು ಕಂಠಪಾಠ ಮಾಡಿದ ಕನ್ನಡ ಪದ್ಯ ಹೇಳುತ್ತಾರೆ, ಹಿಂದಿನ ಅಡುಗೆಮನೆಯಲ್ಲಿ ನಾವು ಅವರಿಗೆ ಇಂಗ್ಲಿಷಿನಲ್ಲಿ ಲೋಟ ಜೋಡಿಸಲು ಹೇಳುತ್ತೇವೆ. ಇದನ್ನು ತಿರುಗಿಸಿ ನೋಡೋಣ ಎಂದು ನನ್ನ ಬೇಡಿಕೆ. ಮುಂದಿನ ಯುಗಾದಿಗೆ ಒಬ್ಬಟ್ಟಿನ ಹೂರಣ ರುಬ್ಬುವುದು, ಕಣಕ ನಾದುವುದು, ಎಲೆ ಹಾಕುವುದು, ಬಡಿಸುವುದು, ಲೆಕ್ಕ ಬರೆಯುವುದು ಮಕ್ಕಳ ಕೈಗೆ ಕೊಡೋಣ, ಆ ಕೆಲಸದ ಮಾತೆಲ್ಲ ಕನ್ನಡದಲ್ಲಿ ಆಡೋಣ. ತಪ್ಪು ಕನ್ನಡವಾದರೂ ಸರಿ, ಅರ್ಧ ಕನ್ನಡವಾದರೂ ಸರಿ, ಯಾರೂ ನಗಬಾರದು. ಆ ರೈತರಿಗೆ ಬೆತ್ತಕ್ಕಿಂತ ಹೆಚ್ಚು ನೋವು ಕೊಟ್ಟದ್ದು ನಗು. ಹೆಸರು ಬರೆಸಿಕೊಳ್ಳಲು ನಾನು ಇವತ್ತೇ ಒಂದು ಹಾಳೆ ತಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ.

ಕಳೆದ ಜುಲೈನಲ್ಲಿ ನಾವು ಜಾತ್ರೆಯಿಂದ ಹೊರಟಾಗ ಹೊತ್ತು ಇಳಿದಿತ್ತು. ಕಾರು ನಿಲ್ಲಿಸಿದ್ದ ಹುಲ್ಲುಗಾವಲಿನ ಅಂಚಿನಲ್ಲಿ ಒಂದು ಕುದುರೆಗಾಡಿ. ಮೆನೊನೈಟ್ ತಾಯಿಯೊಬ್ಬಳು ಖಾಲಿ ಬುಟ್ಟಿಗಳನ್ನು ಗಾಡಿಗೆ ಏರಿಸುತ್ತಿದ್ದಳು. ಅವಳ ಮಗ, ನಾಲ್ಕು ವರ್ಷವಿರಬಹುದು, ಬರಿಗಾಲಲ್ಲಿ ಬೇಲಿಯ ಮೇಲೆ ಕೂತು ಇಳಿಯಲು ಒಪ್ಪುತ್ತಿರಲಿಲ್ಲ. ಅವಳು ತಿರುಗಿಯೂ ನೋಡದೆ ಕೂಗಿದಳು: “ಕುಮ್, ಮಿರ್ ಗೇನೆ ಹೇಮ್.” ಹುಡುಗ ಅದೇ ಭಾಷೆಯಲ್ಲಿ ಏನೋ ವಾದ ಹೂಡಿದ. ನನ್ನ ಮಗಳು ಕೈ ಜಗ್ಗಿ, ಅವರಮ್ಮ ಏನಂದರು ಎಂದು ಕೇಳಿದಳು.

“ಬಾ, ಮನೆಗೆ ಹೋಗೋಣ ಅಂತ,” ಅಂದೆ. ಅವಳು ಆ ಹುಡುಗನನ್ನು ನೋಡುತ್ತ ಅಲ್ಲೇ ನಿಂತಳು, ಅವನು ಇಳಿಯುವ ತನಕ.